ಕಟಿಂಗ್ ಮೇಜಿನ ಮೇಲೆ ಕಾರಿನ ಟಾಪು

ಮನೆ, ಅಂಗಡಿ ಕೋಣೆ
ಭಾನುವಾರ, ೧೧ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಹೇಗಿದ್ದೀಯ ಮಗಳೇ? ಕಣ್ಣಿಗೆ ಕಿಡಿ ಹಾರಿತ್ತು ಎಂದು ಹೋದ ಪತ್ರದಲ್ಲಿ ಒಂದೇ ಸಾಲು ಬರೆದು, ಚಪ್ಪಲಿ ಕಿತ್ತುಹೋಯಿತು ಅನ್ನುವಷ್ಟು ಹಗುರವಾಗಿ ಮುಂದಕ್ಕೆ ಹೋಗಿಬಿಟ್ಟಿದ್ದೀಯ. ಈಗ ಉರಿ ಇದೆಯಾ? ಡಾಕ್ಟರಿಗೆ ತೋರಿಸಿದೆಯಾ? ಹಡಗು ರಿಪೇರಿ ಮಾಡುವ ಕಡೆ ವೆಲ್ಡಿಂಗಿಗೆ ಅಂತ ಕನ್ನಡಕ ಕೊಡುತ್ತಾರಲ್ಲ, ಅದನ್ನು ಹಣೆಯ ಮೇಲೆ ಏರಿಸಿಕೊಂಡು ತಿರುಗಬೇಡ. ನನ್ನ ಮಂಡಿನೋವು ಹಾಗೇ ಇದೆ. ದಿನವಿಡೀ ಕೂತು ಗುಂಡಿಗೆ ಕಾಜಾ ಹೊಲಿಯುವವಳಿಗೆ ಮಂಡಿಯಿಂದ ಏನಾಗಬೇಕಾಗಿದೆ ಎಂದು ಸುಮ್ಮನಿದ್ದೇನೆ. ನಿನ್ನ ಅಪ್ಪನ ಆರೋಗ್ಯ ಚೆನ್ನಾಗಿದೆ. ಮೈಕೈ ಗಟ್ಟಿಯಾಗಿದೆ, ತಲೆಯ ವಿಷಯ ಮಾತ್ರ ನಾನು ಹೇಳಲಾರೆ. ನಿಂತುಕೊಂಡು ಓದುತ್ತಿದ್ದರೆ ಎಲ್ಲಾದರೂ ಕೂತುಕೋ.

ಹಿತ್ತಲ ಶೆಡ್ಡಿನಲ್ಲಿರುವ ತಾತನ ಕಾರನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳುತ್ತೇನೆ ಎಂದು ನೀನು ಹೊರಡುವ ದಿನ ಮಾತು ಕೊಟ್ಟಿದ್ದೆ. ಎರಡು ವರ್ಷ ಉಳಿಸಿಕೊಂಡೆ. ತಿಂಗಳಿಗೊಮ್ಮೆ ಧೂಳು ಹೊಡೆದೆ, ಸೀಟಿನೊಳಗೆ ಸಂಸಾರ ಹೂಡಿದ್ದ ಇಲಿಗಳನ್ನು ಓಡಿಸಿದೆ, ಗುಜರಿಯವನು ಎರಡು ಸಲ ಬಂದಾಗ ಪೊರಕೆ ಹಿಡಿದುಕೊಂಡೇ ಮಾತಾಡಿಸಿದೆ. ಆದರೆ ಮಗಳೇ, ಮನೆಯೊಳಗಿನವರನ್ನು ಕಾಯಬೇಕೆಂದು ನನಗೆ ಹೊಳೆಯಲೇ ಇಲ್ಲ. ಮೂರು ವಾರದ ಹಿಂದೆ ಶಾಲೆಗೆ ಯೂನಿಫಾರ್ಮ್ ಕೊಟ್ಟು ಬಂದೆ. ಅಂಗಡಿ ಬಾಗಿಲು ತೆರೆದೇ ಇದೆ, ಮೆಷಿನ್ ಮುಂದೆ ಯಾರೂ ಇಲ್ಲ, ಹಿತ್ತಲಿಂದ ಟಣ್ ಟಣ್ ಸದ್ದು. ಹೋಗಿ ನೋಡುತ್ತೇನೆ, ಕಾರಿನ ನಾಲ್ಕೂ ಮಡ್‌ಗಾರ್ಡುಗಳು ಗೋಡೆಗೆ ಒರಗಿ ನಿಂತಿವೆ! ಬಾನೆಟ್ಟು ನೆಲದ ಮೇಲಿದೆ. ಕಾರಿನ ಹೊಟ್ಟೆಯೊಳಗೆ ಅರ್ಧ ಮುಳುಗಿದ್ದಾರೆ ನಿನ್ನ ಅಪ್ಪ, ಕುತ್ತಿಗೆಯಲ್ಲಿ ಟೇಪು ನೇತಾಡುತ್ತಿದೆ. ಕೈಯಲ್ಲಿದ್ದ ಚೀಲ ಎಲ್ಲಿ ಬಿತ್ತೋ ಗೊತ್ತಿಲ್ಲ, ಸಂಜೆ ಅದು ಬಾವಿಕಟ್ಟೆಯ ಹತ್ತಿರ ಸಿಕ್ಕಿತು.

"ಏನ್ರೀ ಇದು? ಮಗಳು ಹೋಗಿದ್ದು ಸಾಲದು ಅಂತ ಅವಳ ಕಾರನ್ನೂ ಕೊಲ್ತಿದ್ದೀರಾ?" ಎಂದು ಕೂಗಿದೆ. ಅವರಿಗೆ ಉತ್ತರ ಕೊಡಲು ಇಷ್ಟವಿಲ್ಲದಾಗ ಬಾಯಿತುಂಬ ಗುಂಡುಸೂಜಿ ಕಚ್ಚಿಕೊಳ್ಳುವುದು ನಿನಗೆ ಗೊತ್ತೇ ಇದೆ. ಈ ಸಲ ನಟ್ಟುಗಳನ್ನು ಕಚ್ಚಿಕೊಂಡಿದ್ದರು. ತುಟಿಯೆಲ್ಲ ಕಪ್ಪು ಆಯಿಲ್! ಬಿಳಿ ಬಟ್ಟೆಗೆ ಕಲೆಯಾದೀತೆಂದು ದಿನಕ್ಕೆ ಹತ್ತು ಸಲ ಕೈ ತೊಳೆಯುವ ಮನುಷ್ಯ.

ನನಗೆ ಆ ದಿನವೇ ಕಣ್ಣಮುಂದೆ ಬಂತು. ನೀನು ಟವೆಲಿನಷ್ಟು ದೊಡ್ಡ ಕಾಗದದಲ್ಲಿ ಕಾರಿನ ಚಿತ್ರ ಬರೆದು ಇದೇ ಕಟಿಂಗ್ ಮೇಜಿನ ಮೇಲೆ ಹರಡಿ, "ಅಪ್ಪಾ, ಕಂಪನಿಯಿಂದ ಬಂದ ಹಾಗೇ ಕೊಳೀತಿರೋ ಈ ಕಾರನ್ನ ಹಾಟ್ ರಾಡ್ ಮಾಡ್ತೀನಿ, ಟಾಪು ತಗ್ಗಿಸ್ತೀನಿ, ದೊಡ್ಡ ಎಂಜಿನ್ ಕೂರಿಸ್ತೀನಿ, ಇದೇ ನನ್ನ ಕಸುಬು" ಎಂದೆ. ಅವರು "ನನ್ನ ಮಗಳು ಕಾರಿನ ಕೆಳಗೆ ಮಲಗೋಕೆ ಹುಟ್ಟಿದವಳಲ್ಲ" ಎಂದು ಕೋಟಿನ ಟ್ರಯಲ್‌ಗೆ ಬಂದಿದ್ದ ಬ್ಯಾಂಡ್ ಮಾಸ್ಟರ್ ಎದುರಿಗೇ ಅದನ್ನು ಹರಿದುಹಾಕಿದರು. ಬ್ಯಾಂಡ್ ಮಾಸ್ಟರ್ ಒಂದು ತೋಳಿನ ಕೋಟಿನಲ್ಲಿ ನಿಂತು ಛಾವಣಿ ನೋಡಿದರು. ನಾನು ತಲೆ ಬಗ್ಗಿಸಿ ಕಾಜಾ ಹೊಲಿಯುತ್ತಿದ್ದೆ. ಬಾಯಿ ಬಿಡಲಿಲ್ಲ. ಅವರು ಹರಿದದ್ದಕ್ಕಿಂತ ನಾನು ಸುಮ್ಮನಿದ್ದದ್ದು ನಿನಗೆ ಹೆಚ್ಚು ನೋವಾಗಿರಬೇಕು ಎಂದು ಈಗಲೂ ನನ್ನನ್ನು ಕೊರೆಯುತ್ತದೆ. ತಪ್ಪಾಯಿತು ಮಗಳೇ. ಇದನ್ನು ಬರೆಯಲು ಎರಡು ವರ್ಷ ಬೇಕಾಯಿತು.

ಇರಲಿ, ಸುದ್ದಿ ಇನ್ನೂ ಮುಗಿದಿಲ್ಲ. ಮಾರನೆಯ ದಿನ ತಳ್ಳುಗಾಡಿಯಲ್ಲಿ ಒಂದು ಎಂಜಿನ್ ಬಂತು. ಎಲ್ಲೋ ಗುದ್ದಿಕೊಂಡ ದೊಡ್ಡ ವ್ಯಾನಿನದಂತೆ. ಹಿಂದೆಯೇ ಎರಡು ಟಯರು, ನಮ್ಮ ಹಿಟ್ಟಿನ ಡಬ್ಬಿಗಿಂತ ಅಗಲ. ಅದರ ಹಿಂದೆ ಮೂಲೆಮನೆಯ ವೆಲ್ಡರ್, ಅದೇ ನಮ್ಮ ಕಿಡಿಯಣ್ಣ. ನಾನು ಮಾತು ಬಿಟ್ಟೆ. ಊಟದ ತಟ್ಟೆಯನ್ನು ಶೆಡ್ಡಿನ ಬಾಗಿಲಲ್ಲಿಟ್ಟು ಬರುತ್ತಿದ್ದೆ. ಎರಡು ವಾರ ಮನೆಯಲ್ಲಿ ಮನುಷ್ಯರ ಧ್ವನಿ ಇರಲಿಲ್ಲ, ಗ್ರೈಂಡರ್ ಧ್ವನಿ ಮಾತ್ರ. ಕಳೆದ ಬುಧವಾರ ತಟ್ಟೆ ಇಡಲು ಹೋದರೆ ಟಾಪಿನ ಕಂಬಗಳ ಸುತ್ತ ನೀಲಿ ಚಾಕ್‌ಪೀಸಿನ ಗೆರೆ! ಸೂಟು ಕತ್ತರಿಸುವ ಮೊದಲು ಎಳೆಯುತ್ತಾರಲ್ಲ, ಅದೇ ಗೆರೆ. ಪಕ್ಕದಲ್ಲಿ ಇನ್ನೊಂದು ಚುಕ್ಕಿಗೆರೆ, ಹೊಲಿಗೆಗೆ ಬಿಡುವ ಅರ್ಧ ಇಂಚು ಮಾರ್ಜಿನ್ನು. ಕಿಡಿಯಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಟೈಲರ್ ಸಾಹೇಬ್ರೇ, ತಗಡಿಗೆ ಯಾವ ಮಾರ್ಜಿನ್ರೀ? ಮಡಚಿ ಹೊಲೀತೀರಾ?" ನಿನ್ನ ಅಪ್ಪ ನಗಲಿಲ್ಲ. "ಜಾಸ್ತಿ ಇದ್ರೆ ಆಮೇಲೆ ಕತ್ತರಿಸಬಹುದು, ಕಮ್ಮಿ ಆದ್ರೆ ಏನ್ ಮಾಡ್ತೀಯ?" ಅಂದರು. ನಾನು ನೋಡುತ್ತಿದ್ದ ಹಾಗೇ ಕಿಡಿ ಹಾರಿತು. ಸಂಜೆಗೆ ತಾತನ ಕಾರಿಗೆ ತಲೆಯೇ ಇರಲಿಲ್ಲ. ಇಬ್ಬರೂ ಆ ಟಾಪನ್ನು ಓರೆ ಮಾಡಿ ಬಾಗಿಲಲ್ಲಿ ತೂರಿಸಿ ತಂದು ಕಟಿಂಗ್ ಮೇಜಿನ ಮೇಲೆ ಮಲಗಿಸಿದರು. ನಿನಗೆ ಏನೆಂದು ಬರೆಯಲಿ ಎಂದು ಒಲೆಯ ಮುಂದೆ ನಿಂತು ಅತ್ತೆ.

ಗುರುವಾರ ಬೆಳಿಗ್ಗೆ ಯೂನಿಫಾರ್ಮ್ ಕಟ್ಟಲು ಬ್ರೌನ್ ಪೇಪರ್ ಬೇಕಾಗಿ ಮೇಜಿನ ಕೆಳಗಿನ ಅರೆಗೆ ಕೈ ಹಾಕಿದೆ. ತಳದಲ್ಲಿ ಏನೋ ದಪ್ಪಗೆ ಸಿಕ್ಕಿತು. ಕೋಟಿನ ಎದೆಗೆ ಒಳಗಡೆ ಕೊಡುವ ಕ್ಯಾನ್ವಾಸ್ ಬಟ್ಟೆ, ಅದರ ಮೇಲೆ ನಿನ್ನ ಚಿತ್ರ! ಹರಿದ ಏಳು ತುಂಡುಗಳನ್ನೂ ಅಂಚಿಗೆ ಅಂಚು ಸೇರಿಸಿ ಮೆಷಿನ್ನಿನಲ್ಲಿ ಹೊಲಿದಿದ್ದಾರೆ, ಪುಟ್ಟಿ. ನಿನ್ನ ಅಕ್ಷರ ಒಂದೂ ಹಾಳಾಗಿಲ್ಲ, ಹೊಲಿಗೆ ಅಕ್ಷರಗಳನ್ನು ಬಳಸಿಕೊಂಡು ಹೋಗಿದೆ. ದಾರ ನೋಡಿದೆ, ಕೆಂಪುಗಂದು. ಆ ದಾರ ಬಂದದ್ದು ಬ್ಯಾಂಡಿನವರ ಕೋಟುಗಳಿಗೆ, ಆ ಒಂದೇ ಸಲ. ನೀನು ಮನೆ ಬಿಟ್ಟ ವಾರವೇ ಕೋಟುಗಳು ಮುಗಿದವು, ಉಳಿದ ದಾರವೂ ಅವರ ಜೊತೆಗೇ ಹೋಯಿತು, ನಾನೇ ಕಟ್ಟಿಕೊಟ್ಟಿದ್ದೆ. ಅಂದರೆ ನಿನ್ನ ಬಸ್ಸು ಹೋದ ನಾಲ್ಕೈದು ದಿನದೊಳಗೆ ಈ ಮನುಷ್ಯ ಇದನ್ನು ಹೊಲಿದಿಟ್ಟಿದ್ದಾರೆ! ಎರಡು ವರ್ಷ ನಾನು ಇದೇ ಮೇಜಿನ ಮೇಲೆ ಕಾಜಾ ಹೊಲಿಯುತ್ತ ಮನಸ್ಸಿನಲ್ಲಿ ಇವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಅದು ನನ್ನ ಮೊಣಕಾಲಿನ ಹತ್ತಿರವೇ ಇತ್ತು.

ಚಿತ್ರ ಹಿಡಿದುಕೊಂಡು ಶೆಡ್ಡಿಗೆ ಹೋದೆ. ಅದನ್ನು ಅವರ ಮುಂದೆ ಹಿಡಿದೆ. ಅವರು ಬಾಯಿಯಿಂದ ನಟ್ಟುಗಳನ್ನು ಒಂದೊಂದಾಗಿ ತೆಗೆದು ಸ್ಟೂಲಿನ ಮೇಲಿಟ್ಟರು. ಆರು ನಟ್ಟು. ಆಮೇಲೆ, "ಹೊಲಿಗೆ ನೇರ ಬಂದಿಲ್ಲ ಕಣೇ. ಕೈ ನಡುಗ್ತಿತ್ತು" ಅಂದರು. ಮೂವತ್ತೆರಡು ವರ್ಷದಲ್ಲಿ ಇವರ ಹೊಲಿಗೆ ಸೊಟ್ಟಗಾದದ್ದನ್ನು ನಾನು ನೋಡಿದ್ದು ಅದೊಂದೇ. ಈಗ್ಯಾಕೆ ಶುರು ಮಾಡಿದಿರಿ ಅಂದೆ. ನಿನ್ನ ಕಣ್ಣಿಗೆ ಕಿಡಿ ಹಾರಿದ ಪತ್ರವನ್ನು ನಾನು ಡಬ್ಬಿಯಲ್ಲಿ ಇಟ್ಟಿದ್ದೆನಲ್ಲ, ಅದನ್ನು ಕದ್ದು ಓದಿದ್ದಾರೆ! ಎಲ್ಲಾ ಪತ್ರಗಳನ್ನೂ ಓದಿದ್ದಾರೆ, ಮೊದಲಿನಿಂದ! "ಯಾರದೋ ಹಡಗಿಗೆ ಕಣ್ಣು ಸುಟ್ಕೋತಾಳೆ. ಅವಳ ಕಾರು ಇಲ್ಲೇ ಇದೆಯಲ್ಲ" ಅಂದು ಮತ್ತೆ ಎಂಜಿನ್ನಿಗೆ ಬಗ್ಗಿದರು. ಬೆನ್ನು ಅಲುಗುತ್ತಿತ್ತು. ಸ್ಪ್ಯಾನರ್ ತಿರುಗಿಸುತ್ತಿದ್ದಾರೆ ಎಂದುಕೊಂಡೆ. ಸ್ಪ್ಯಾನರ್ ಸ್ಟೂಲಿನ ಮೇಲಿತ್ತು.

ಶುಕ್ರವಾರ ಎಂಜಿನ್ ಶುರುವಾಯಿತು. ಅಯ್ಯೋ ಆ ಸದ್ದು! ಕಪಾಟಿನ ಮೇಲಿದ್ದ ಗುಂಡಿ ಡಬ್ಬಿ ಬಿದ್ದು ಅಂಗಡಿ ತುಂಬ ಗುಂಡಿಗಳು. ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಮುಖಕ್ಕೆ ಸೋಪು ಹಚ್ಚಿಕೊಂಡೇ ಬೀದಿಗೆ ಓಡಿಬಂದರು, ಭೂಕಂಪವೇ ಎಂದು ಕೇಳುತ್ತ. ನಿನ್ನ ಅಪ್ಪ ಎರಡೂ ಕೈ ಎತ್ತಿ ನಿಂತಿದ್ದರು, ಆಕ್ಸಿಲರೇಟರ್ ಒತ್ತಿದವನು ಕಿಡಿಯಣ್ಣ. ಇನ್ನೊಂದು ಸಲ ಒತ್ತು ಎಂದು ಕೂಗಿದವಳು ನಾನೇ.

ಎಲ್ಲ ಆದಮೇಲೆ ಈಗ ಕೆಲಸ ನಿಂತಿದೆ. ಟಾಪು ಎಷ್ಟು ಇಂಚು ತಗ್ಗಿಸಬೇಕೆಂದು ನೀನು ಚಿತ್ರದಲ್ಲಿ ಬರೆದಿಲ್ಲ. ಅಲ್ಲಿ ಒಂದು ಬಾಣದ ಗುರುತು, "ಕೂತು ನೋಡಿ ತೀರ್ಮಾನ" ಅಂತ ಇದೆ ಅಷ್ಟೇ. ಅವರು ಅಳತೆ ಪುಸ್ತಕದಲ್ಲಿ ನಿನ್ನ ಪುಟ ತೆಗೆದರು. ಕೊನೆಯ ಅಳತೆ ನಿನ್ನ ಹದಿನೇಳನೇ ವಯಸ್ಸಿನ ಶಾಲೆ ಕೋಟಿನದು. ನನ್ನನ್ನು ಸೀಟಿನಲ್ಲಿ ಕೂರಿಸಿ ನೋಡಿದರು, ನಾನು ಗಿಡ್ಡ. ಕಿಡಿಯಣ್ಣನನ್ನು ಕೂರಿಸಿದರು, ಅವನು ದಪ್ಪ. "ನಾಲ್ಕಿಂಚು ಹೊಡೆದ್ಬಿಡೋಣ" ಎಂದವನನ್ನು ಶೆಡ್ಡಿನಿಂದಲೇ ಆಚೆ ಕಳಿಸಿದರು. ನಿನ್ನೆಯಿಂದ ಕತ್ತರಿಸಿದ ಕಂಬಗಳ ಮುಂದೆ ಟೇಪು ಹಿಡಿದು ನಿಂತಿದ್ದಾರೆ.

ಚೆನ್ನಾಗಿರು ಮಗಳೇ. ಕೈಗೆ ಎಣ್ಣೆ ಹಚ್ಚಿಕೋ, ಕಣ್ಣು ಜೋಪಾನ. ನಿನ್ನ ಕೋಣೆಯ ಗೆಳತಿಗೆ ನನ್ನ ನೆನಪು ಹೇಳು. ನಿನ್ನ ಕೈಯಿಂದ ಬೆಸೆದದ್ದು ಯಾವುದೂ ಬಿಡದಿರಲಿ ಎಂದು ಹರಸುತ್ತೇನೆ.

ನಿನ್ನ
ಅಮ್ಮ

ಮ.ವಿ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಅಳತೆ ಬರೆದು ಕಳಿಸೆಂದು ನಾನೇ ಕೇಳುವವಳಿದ್ದೆ, ಈಗ ಕಳಿಸಬೇಡ. ಫೋನಿನಲ್ಲಿ ಅಳತೆ ಹೇಳಿದ ಮದುಮಗನಿಗೆ ಬಟ್ಟೆ ವಾಪಸ್ ಕಳಿಸಿದವರು ಇವರು, "ಆಳು ಮುಂದೆ ನಿಲ್ಲದೆ ಕತ್ತರಿ ಹಾಕಲ್ಲ" ಎಂದು. ಲಕೋಟೆ ತರಲು ಒಳಮನೆಗೆ ಹೋಗಿ ಈಗ ತಾನೇ ಅಂಗಡಿಗೆ ಮರಳಿದೆ. ಅರ್ಧ ಹೊಲಿದ ಕೋಟುಗಳಿಗೆ ಚೀಟಿ ಸಿಕ್ಕಿಸುತ್ತಾರಲ್ಲ, ಅಂಥದೇ ಒಂದು ಚೀಟಿಯನ್ನು ಮೇಜಿನ ಮೇಲಿನ ಟಾಪಿಗೆ ದಾರದಲ್ಲಿ ಕಟ್ಟಿದ್ದಾರೆ. ಗಿರಾಕಿ ಎಂಬಲ್ಲಿ "ಮಗಳು" ಎಂದಿದೆ. ಟ್ರಯಲ್ ತಾರೀಖು ಎಂಬಲ್ಲಿ ಖಾಲಿ ಬಿಟ್ಟಿದ್ದಾರೆ. ಯಾವತ್ತು ಬರುತ್ತೀಯ ಬೇಗ ತಿಳಿಸು, ಬಟ್ಟೆ ಕತ್ತರಿಸಲು ಮೇಜು ಬೇಕು.