ಹನ್ನೊಂದು ಗಂಟೆಗೆ ಚೆನ್ನಾಗಿದ್ದವಳು

ಅಂಗವಿಕಲರ ತಪಾಸಣಾ ಮಂಡಳಿಯ ಮಾನ್ಯ ಮುಖ್ಯಸ್ಥರೇ,

ನನ್ನ ಹೆಂಡತಿ ಅಕ್ಕಯಮ್ಮ ಚೆನ್ನಾಗಿದ್ದಾಳೆಂದು ತಾವು ಬರೆದುಕೊಟ್ಟ ಕಾಗದ ನನ್ನ ಮುಂದಿದೆ. ಅದು ಸುಳ್ಳು. ಭಯದ ಸಂಗತಿಯೆಂದರೆ ಅವಳು ಅದನ್ನು ನಂಬಿಬಿಟ್ಟಿದ್ದಾಳೆ. ಗಡಿಯ ಈಚೆ ತಮಿಳುನಾಡಿನಲ್ಲಿರುವ ನಾವು ತಮಿಳಿನಲ್ಲಿ ಕೊಟ್ಟ ಎರಡು ಅರ್ಜಿಗೂ ತಮ್ಮಿಂದ ಉತ್ತರವಿಲ್ಲ. ಅದಕ್ಕೇ ನನ್ನ ಭಾಷೆಯಲ್ಲಿ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ಡೆಂಕಣಿಕೋಟೆ ಕಡೆಯ ಗುಲಾಬಿ ತೋಟದಲ್ಲಿ ಹನ್ನೆರಡು ವರ್ಷ ಹೂ ಕತ್ತರಿಸಿದ ಕೈ ಅವಳದು. ಐದು ವರ್ಷದಿಂದ ಕೀಲುವಾತ. ಬೆಳಗ್ಗೆ ಆರಕ್ಕೆ ಏಳುವಾಗ ಬೆರಳುಗಳು ಮುಷ್ಟಿ ಕಟ್ಟಿಕೊಂಡಿರುತ್ತವೆ. ಬಿಸಿನೀರಿನಲ್ಲಿ ಅದ್ದಿ ಒಂದೊಂದನ್ನೇ ನಾನು ಬಿಡಿಸಬೇಕು. ಸೀರೆ ಉಡಿಸುವುದು ಹತ್ತು ವರ್ಷದ ಮಗಳು ಭೂಮಿಕಾ. ಹತ್ತು ಗಂಟೆ ದಾಟಿದ ಮೇಲೆ ಕೈ ಒಂದಿಷ್ಟು ಸಡಿಲವಾಗುತ್ತದೆ. ಕೃಷ್ಣಗಿರಿಯಲ್ಲಿ ತಮ್ಮ ಮಂಡಳಿ ಕೂರುವುದು ಹನ್ನೊಂದಕ್ಕೆ. ಎಂಥ ಹೊಂದಾಣಿಕೆ! ರೋಗ ತನ್ನ ಪಾಳಿ ಮುಗಿಸಿದ ಮೇಲೆ ತಾವು ಪಾಳಿಗೆ ಬರುತ್ತೀರಿ.

ದೊಡ್ಡವರ ಮುಂದೆ ಹೋಗುವುದೆಂದು ಅವಳು ಮಗಳ ಕೈಯಲ್ಲಿ ಮದುವೆ ಸೀರೆ ಉಡಿಸಿಕೊಂಡು ಮಲ್ಲಿಗೆ ಮುಡಿದು ಬಂದಿದ್ದಳು. ತಾವು ಕೈ ಮುಟ್ಟಿಯೂ ನೋಡದೆ, ಹೇಗಿದ್ದೀರಮ್ಮಾ ಎಂದು ತಮಿಳಿನಲ್ಲಿ ಕೇಳಿದಿರಿ. "ನಲ್ಲಾ ಇರ್ಕೇನ್ ಸಾರ್" ಎಂದಳು, ಚೆನ್ನಾಗಿದ್ದೇನೆ ಎಂದು. ಅಧಿಕಾರಿಗಳೇ ಕ್ಷೇಮ ಕೇಳಿದಾಗ ನಮ್ಮ ಕಡೆಯವರು ಬೇರೇನು ಹೇಳಿಯಾರು? ಸೊಂಟ ಮುರಿದವನೂ "ಚೆಂದಾಗಿವ್ನಿ ಸಾಮಿ" ಅಂತಲೇ ಅನ್ನುವುದು. ಆ ಮರ್ಯಾದೆಯ ಮಾತನ್ನೇ ತಾವು ಸಾಕ್ಷಿಯೆಂದು ಬರೆದುಕೊಂಡಿರಿ. ಅಂಗವಿಕಲರ ಬಸ್ ಪಾಸ್ ಸಿಗಲಿಲ್ಲ, ತಿಂಗಳಿಗೊಮ್ಮೆ ದೊಡ್ಡಾಸ್ಪತ್ರೆಗೆ ಹೋಗುವುದೂ ನಿಂತಿತು.

ಉರಿಯೂತ ವರ್ಷಗಟ್ಟಲೆ ಇದ್ದರೆ ಮನಸ್ಸೂ ಕುಸಿಯುತ್ತದೆ ಎಂದು ಅಲ್ಲಿನ ನರ್ಸಮ್ಮ ಎಚ್ಚರಿಸಿದ್ದರು. ತಮ್ಮ ನಮೂನೆಯಲ್ಲಿ ಮನಸ್ಸಿಗೆ ಜಾಗವಿದೆಯೇ? ಈಗ ಅವಳು ನೋವು ಎನ್ನುವುದನ್ನೇ ಬಿಟ್ಟಿದ್ದಾಳೆ. ಸರಿಯಾಗಿ ಉಣ್ಣುವುದಿಲ್ಲ. ಮಗಳನ್ನು ಒಲೆಯ ಮುಂದೆ ಕೂರಿಸಿ ಮುದ್ದೆ ತೊಳಸುವುದನ್ನು ಕಲಿಸುತ್ತಾಳೆ. "ಕಲ್ತ್ಕೊಳಮ್ಮಿ, ಇನ್ಮೇಲೆ ನಿಮ್ಮಪ್ಪಂಗೆ ನೀನೇ ಮಾಡಾಕ್ಬೇಕು."

"ನೀನೆಲ್ಲಿಗ್ ಹೋಯ್ತೀಯೆ?" ಎಂದೆ.

"ಸರ್ಕಾರದೋರೇ ಬರ್ದವ್ರೆ, ನಾನು ಚೆಂದಾಗಿವ್ನಂತೆ. ಅಂಗಾರೆ ಇದು ನೋವಲ್ಲ, ನನ್ನ ಸೋಂಬೇರಿತನ. ನಿಮ್ಗೆ ಬಾರ ಆಗಿ ಯಾಕಿರ್ಲಿ?"

ಹಿತ್ತಲ ಬಾವಿಯ ಕಟ್ಟೆಯ ಮೇಲೆ ಅವಳು ಕೂತಿರುವುದನ್ನು ಎರಡು ಸಲ ನೋಡಿ, ಬಾವಿಗೆ ಹಲಗೆ ಬಡಿದೆ. ಅವಳು ನಕ್ಕಳು. "ಊರಾಗೆ ಇದೊಂದೇ ಬಾವಿನಾ?" ಎಂದಳು. 

ಕಾಗದದ ಆ ಸಾಲನ್ನು ಹೊಡೆದುಹಾಕಿ. ಬೆಳಗ್ಗೆ ಆರಕ್ಕೆ ನಮ್ಮ ಮನೆಗೆ ಬಂದು ಅವಳ ಕೈ ನೋಡಿ. ಮನೋವೈದ್ಯರೊಬ್ಬರನ್ನು ಜೊತೆಗೆ ಕರೆತನ್ನಿ. ಚೆನ್ನಾಗಿದ್ದೇನೆ ಎಂದ ಮೇಲೂ ಎದ್ದುಹೋಗದೆ ಇನ್ನೊಂದು ಸಲ ಕೇಳುವವರು ಬೇಕು. ಬೇಗ ಬನ್ನಿ. ಕೆಲಸಕ್ಕೆ ರಜೆ ಹಾಕಿ ಒಂಬತ್ತು ದಿನದಿಂದ ಅವಳನ್ನು ಕಾಯುತ್ತಾ ಕೂತಿದ್ದೇನೆ. ಸೋಮವಾರ ನಾನು ಹೊಸೂರಿನ ಕಾರ್ಖಾನೆಗೆ ಹೋಗಲೇಬೇಕು.

ಇಂತಿ,
ತಮ್ಮ ಕಾಗದದ ಪ್ರಕಾರ ಚೆನ್ನಾಗಿರುವವಳ ಗಂಡ,
ಬೋರಯ್ಯ