ಜಿಪ್ ಅಂಕಲ್

ಜೂನ್ 3, ಮಧ್ಯಾಹ್ನ

ಹಳದಿ ಫ್ರಾಕ್ ಹೊಲಿದು ಮುಗಿಯಿತು. ಅಕ್ಕನ ಮಗಳು ಗುಬ್ಬಿಗೆ ತೊಡಿಸಿ ವಿಡಿಯೋ ತೆಗೆದು ನನ್ನ ಟೈಲರಿಂಗ್ ಪೇಜಿಗೆ ಹಾಕಿದೆ. ಎಂಟು ವರ್ಷ. ಸಂಬಳವಿಲ್ಲದ ಮಾಡೆಲ್, ನಾಲಿಗೆ ಮಾತ್ರ ಮೊಳದುದ್ದ. ತಾನಾಡುವ ಮೊಬೈಲ್ ಗೇಮ್‌ನಲ್ಲಿ ತನ್ನ ಹೆಸರೇನೆಂದೂ ಆ ವಿಡಿಯೋದಲ್ಲೇ ಹರಟಿದಳು.

ಪ್ರತಿ ವಿಡಿಯೋಗೂ ಜಿಪ್ ತೋರಿಸಿ ಎನ್ನುವ ಅದೇ ಮನುಷ್ಯನ ಮೆಸೇಜ್ ಮತ್ತೆ ಬಂತು: "ಹಿಂದಿನ ಜಿಪ್ ಕಾಣ್ಲಿಲ್ಲ. ಮಗು ತಿರುಗಲಿ." ನಾನೂ ಗುಬ್ಬಿಯೂ ಅವನಿಗೆ ಜಿಪ್ ಅಂಕಲ್ ಎಂದು ಹೆಸರಿಟ್ಟಿದ್ದೇವೆ. "ತಿರುಗು ಪುಟ್ಟಾ" ಎಂದೆ. ಇನ್ನೊಮ್ಮೆ ತೆಗೆದೆ. ಅಂತೂ ನನ್ನ ಹೊಲಿಗೆಗೆ ಬೆಲೆ ಕೊಡುವವರು ಸಿಕ್ಕರು!

ಜೂನ್ 9

ಕೋಟಿನ ಅಳತೆ ಕೊಡಲು ಗುಬ್ಬಿಯ ಶಾಲೆಯ ಕಂಪ್ಯೂಟರ್ ಟೀಚರ್ ಬಂದಿದ್ದರು. ಜಂಬದಿಂದ ನಾನೇ ಪೇಜ್ ತೋರಿಸಿದೆ — ಒಂಬೈನೂರು ಜನ ವಿಡಿಯೋ ಸೇವ್ ಮಾಡಿಕೊಂಡಿದ್ದಾರೆ.

"ಆರ್ಡರ್ ಎಷ್ಟು ಬಂತು?"

"ಒಂದೂ ಇಲ್ಲ."

ಟೀಚರ್ ನಗಲಿಲ್ಲ. ಕಾಮೆಂಟ್ ಹಾಕಿದವರ ಹೆಸರುಗಳನ್ನು ಒಂದೊಂದಾಗಿ ಒತ್ತಿದರು. ಎಲ್ಲರ ಖಾತೆಯಲ್ಲೂ ಯಾರ್ಯಾರದೋ ಮಕ್ಕಳ ವಿಡಿಯೋ. "ಇವರ್ಯಾರೂ ಫ್ರಾಕ್ ನೋಡ್ತಿಲ್ಲ ಕಣ್ರೀ. ಮಗೂನ ನೋಡ್ತಿದಾರೆ."

ಜಿಪ್ ಅಂಕಲ್ ಮೇಲೆ ರಿಪೋರ್ಟ್ ಕೊಟ್ಟೆ, ಪೇಜನ್ನೇ ಅಳಿಸಿದೆ. ಹೊಲಿಗೆ ತಪ್ಪಿದರೆ ಬಿಚ್ಚಬಹುದು. ಇದನ್ನು?

ಜೂನ್ 10

ರಿಪೋರ್ಟಿಗೆ ಆ್ಯಪ್ ಕಂಪನಿಯ ಉತ್ತರ: "ಈ ಖಾತೆ ನಮ್ಮ ನಿಯಮ ಮೀರಿಲ್ಲ." ಅಷ್ಟೇ.

ಅಕ್ಕನಿಗೆ ಹೇಳಬೇಕು. ನಾಳೆ.

ಜೂನ್ 17, ಸಂಜೆ 4

ನಾಳೆ ಅಂದವನ ಮನೆ ಹಾಳು. ನಾನು ಹಾಳು ಮಾಡಿದ್ದು ಅಕ್ಕನ ಮನೆ.

ಗುಬ್ಬಿ ಸ್ಕೂಲ್ ಬ್ಯಾಗ್ ಎಸೆದು ಹೇಳಿದಳು: "ಚಿಕ್ಕಮ್ಮಾ, ವಿಡಿಯೋ ಎಲ್ಲಾ ಹೋಯ್ತಂತೆ? ಹೊಸದು ಬೇಕು ಅಂತ ನೀನೇ ಹೇಳಿದ್ಯಂತೆ. ಜಿಪ್ ಅಂಕಲ್ ಗೇಮಲ್ಲಿ ಮೆಸೇಜ್ ಹಾಕಿದ್ರು. ಫ್ರಾಕ್ ಹಾಕ್ಕೊಂಡು ತಿರುಗಿ ಕಳಿಸ್ದೆ."

ವಿಡಿಯೋದಲ್ಲಿ ಅವಳು ಹರಟಿದ ಹೆಸರಿನಿಂದ ಗೇಮಲ್ಲಿ ಹುಡುಕಿ, ನನ್ನ ಹೆಸರು ಹೇಳಿ ಕೇಳಿದ್ದಾನೆ. ಅದಕ್ಕೇ ಕಳಿಸಿದಳು.

ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. "ಏನನ್ನೂ ಅಳಿಸ್ಬೇಡಿ. ತಾಯೀನ ಕರ್ಕೊಂಡು ಠಾಣೆಗೆ ಹೋಗಿ." ಪೇಜಿನಲ್ಲಿದ್ದ ಅವನ ಮೆಸೇಜುಗಳನ್ನು ನಾನು ಆಗಲೇ ಅಳಿಸಿಬಿಟ್ಟಿದ್ದೆ.

ಸಂಜೆ 6

ಅಕ್ಕ ಬಂದಳು. ಗುಬ್ಬಿಯ ಗೇಮ್ ತೆರೆದು ಮೊಬೈಲನ್ನೇ ಕೈಗಿಟ್ಟೆ. ಓದಿದಳು. ಗುಬ್ಬಿಯನ್ನು ಅಪ್ಪಿಕೊಂಡು, "ನಿಂದೇನೂ ತಪ್ಪಿಲ್ಲ ಪುಟ್ಟಾ" ಎಂದಳು. ಆಮೇಲೆ ನನ್ನತ್ತ ತಿರುಗಿ, "ತಿರುಗು ಅಂದ ತಕ್ಷಣ ತಿರುಗೋದನ್ನ ಇವಳಿಗೆ ಯಾರೇ ಕಲಿಸಿದ್ದು?"

ಬಟ್ಟೆ ಬದಲಿಸುವ ನೆಪದಲ್ಲಿ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಠಾಣೆಗೆ ಹೊರಟು ಇಬ್ಬರೂ ಬಾಗಿಲಲ್ಲಿ ನಿಂತಿದ್ದಾರೆ. ಅಕ್ಕ ಇನ್ನೂ ಉತ್ತರಕ್ಕೆ ಕಾಯುತ್ತಿದ್ದಾಳೆ. ಕರೆದಳು. ಹೋಗಿ ಹೇಳಬೇಕು, ಅಕ್ಕಾ, ಅದು ನಾನೇ —