ಸಿಡಿಯದ ಕಲ್ಲು

ಗುಜರಾತ್, ಮಂಗಳವಾರ

ಪ್ರೀತಿಯ ಅಪ್ಪನಿಗೆ, ಯಶೋಧರಾ ಮಾಡುವ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ಅವ್ವ ಕೇಳಿಸಿಕೊಂಡಾಳೆಂದು ಬರೆಯುತ್ತಿದ್ದೇನೆ.

ನೆಲಕ್ಕೆ ಕಂಪನ ಬಿಟ್ಟು, ಮರಳಿ ಬರುವ ಅಲೆಗಳಿಂದ ಆಳದಲ್ಲಿ ಗ್ಯಾಸ್ ಹಿಡಿದಿಟ್ಟುಕೊಂಡ ಶೇಲ್ ಎಂಬ ಪದರಗಲ್ಲು ಎಷ್ಟು ಪೆಡಸು ಎಂದು ಹೇಳುವುದು ನನ್ನ ಕೆಲಸ. ಪೆಡಸಾಗಿದ್ದರೆ ನೀರಿನ ಒತ್ತಡಕ್ಕೆ ಸಿಡಿದು ಗ್ಯಾಸ್ ಬಿಡುತ್ತದೆ. ನಾನು ಪೆಡಸೆಂದು ಬರೆದುಕೊಟ್ಟ ಜಾಗದಲ್ಲಿ ಗ್ಯಾಸ್ ಬಾವಿ ಕೊರೆದಾಗಿತ್ತು. ಭಾನುವಾರ ಮತ್ತೆ ನೋಡಿದಾಗ ನನ್ನದೇ ತಪ್ಪು ಕಂಡಿತು. ಅಲ್ಲಿರುವುದು ಸಿಡಿಯದ ಜಿಗುಟು ಕಲ್ಲು, ಪಕ್ಕದಲ್ಲೇ ಹಳೇ ಬಿರುಕು. ಒತ್ತಡ ಕೊಟ್ಟರೆ ಬಾವಿಗೆ ಬಿಡುವ ರಾಸಾಯನಿಕದ ನೀರು ಆ ಬಿರುಕಿನಲ್ಲಿ ಹರಿದು ಪಕ್ಕದ ಊರಿನ ಕುಡಿಯುವ ನೀರಿಗೆ ಸೇರಬಹುದು.

ಮುಖ್ಯಸ್ಥರಿಗೆ ಹೇಳಿದೆ. "ಸುಮ್ಮನಿರು, ಯಾರಿಗೂ ಗೊತ್ತಾಗಲ್ಲ" ಅಂದರು. ನೀನು ಬಂಡೆ ಒಡೆಯುತ್ತಿದ್ದ ಅರಕಲಗೂಡಿನ ಕ್ವಾರಿಯಲ್ಲಿ ಸಿಡಿಮದ್ದು ತುಂಬಿದ ಮೇಲೂ ಸಾಹುಕಾರರಿಗೆ, "ಬ್ಯಾಡ ಸಾ, ಈ ಬಂಡೆ ಅಂಗೆ ಸೀಳಾಕಿಲ್ಲ, ಕೆಳಗೆ ಜನ ಅವ್ರೆ" ಅಂದು ಅಡ್ಡ ನಿಂತಿದ್ದು ನೆನಪಾಯಿತು. ತಪ್ಪು ನನ್ನದೆಂದು ಬರೆದು ಮೇಲಿನವರಿಗೆಲ್ಲ ಕಳಿಸಿದೆ.

ಇವತ್ತು ಬೆಳಿಗ್ಗೆ ಬಾವಿಗೆ ನೀರು ಬಿಡುವ ಕೆಲಸ ನಿಲ್ಲಿಸಿದರು. ಮಧ್ಯಾಹ್ನ ನನ್ನನ್ನೂ ಕೆಲಸದಿಂದ ತೆಗೆದರು.

ಮುಂದಿನ ಶನಿವಾರ ಹೊಳೆನರಸೀಪುರಕ್ಕೆ ಬರುತ್ತೇನೆ. ಅವ್ವನಿಗೆ ರಜೆ ಎಂದಷ್ಟೇ ಹೇಳು. ಬಸ್ ಸ್ಟ್ಯಾಂಡಿಗೆ ನೀನೊಬ್ಬನೇ ಬಾ. ಮನೆಗೆ ಹೋಗುವ ಮೊದಲು ಹೊಳೆ ದಂಡೆಯಲ್ಲಿ ಸ್ವಲ್ಪ ಹೊತ್ತು ಕೂರೋಣ. ಅವ್ವನ ಮುಂದೆ ನಾನು ಅಳಬಾರದು.

ನಿನ್ನ ಮಗಳು,
ಯಶೋಧರಾ